ದೊಡ್ಡ ಪಾಸ್‌ವರ್ಡಿನ ಉಳಿದ ಅರ್ಧ

ಮಾರ್ಚ್ 4

ನಾದಿನಿಗೆ,

ಒಂಬತ್ತು ತಿಂಗಳಾದ ಮೇಲೆ ನಿನ್ನೆ ಅಂಗಡಿಯ ಶಟರ್ ಎತ್ತಿದೆ. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಪಕ್ಕದ ಚಪ್ಪಲಿ ಅಂಗಡಿಯ ತಾತ ಬಂದು ಕೈ ಹಾಕಿದ ಮೇಲೆ ಮೇಲಕ್ಕೆ ಹೋಯಿತು. "ಬೀಗದ ಅಂಗಡಿ ಬಾಗಿಲೇ ತೆಗೆಯೋಕೆ ಬರ್ಲಿಲ್ಲ ಅಂದ್ರೆ ಬೀದಿಯೋರು ನಗ್ತಾರೆ ಕಣಮ್ಮ," ಎಂದರು. ನನ್ನನ್ನು ನಗಿಸಲಿಕ್ಕೆಂದೇ ಹೇಳಿದ ಮಾತು. ನಗು ಬರಲಿಲ್ಲ.

ಒಳಗೆ ಎಲ್ಲವೂ ನಿಮ್ಮಣ್ಣ ಬಿಟ್ಟುಹೋದ ಹಾಗೇ ಇದೆ. ಕೀ ಕತ್ತರಿಸುವ ಯಂತ್ರದ ಕೆಳಗೆ ಹಿತ್ತಾಳೆಯ ಪುಡಿ. ಮೇಜಿನ ಮೇಲೆ ಮಡಚದೆ ಇಟ್ಟ ಕನ್ನಡಕ. ಹತ್ಯಾರದ ಚೀಲ ಅದರ ಮೊಳೆಗೇ ನೇತಾಡುತ್ತಿದೆ. ಕಂಪ್ಯೂಟರ್ ಹಾಕಿದೆ. ಪಾಸ್‌ವರ್ಡ್ ಇಡುವ ಆ್ಯಪ್ ತಾನಾಗಿ ತೆರೆದುಕೊಂಡು, "ಮತ್ತೆ ಸ್ವಾಗತ, ಬೀಗಣ್ಣ" ಎಂದು ಬರೆಯಿತು. ಬೀದಿಯವರು ಕರೆಯುತ್ತಿದ್ದ ಹೆಸರನ್ನೇ ಅದಕ್ಕೂ ಕೊಟ್ಟಿದ್ದರು. ನಾನು ಅವರ ಕುರ್ಚಿಯಲ್ಲಿ ಕೂತಿದ್ದೆ. ಎದ್ದುಬಿಟ್ಟೆ.

ಅದರ ಕೆಳಗೆ ಒಂದು ಸೂಚನೆ ಇತ್ತು. ಈ ಬಗೆಯ ಹಳೆಯ ಖಾತೆಗಳನ್ನು ಮೇ 31ಕ್ಕೆ ಮುಚ್ಚುತ್ತಾರಂತೆ. ಅಷ್ಟರೊಳಗೆ ಹೊಸ ಖಾತೆ ಮಾಡಿಕೊಂಡು, ಹಳೆಯದರಲ್ಲಿ ಇರುವುದನ್ನೆಲ್ಲ ಅದಕ್ಕೆ ಸಾಗಿಸಬೇಕು. ಇಲ್ಲದಿದ್ದರೆ ಒಳಗಿರುವುದೆಲ್ಲ ಅಳಿದುಹೋಗುತ್ತದೆ. ಸಾಗಿಸಲು ಇಡೀ ಖಾತೆಯನ್ನೇ ತೆರೆಯುವ ದೊಡ್ಡ ಪಾಸ್‌ವರ್ಡ್ ಬೇಕು.

ಒಳಗಿರುವುದು ಬರೀ ಪಾಸ್‌ವರ್ಡ್ ಅಲ್ಲ, ನಿನಗೂ ಗೊತ್ತು. ಹದಿನಾಲ್ಕು ವರ್ಷದಲ್ಲಿ ಮಾಡಿದ ಕೀಗಳ ಹಲ್ಲಿನ ಅಳತೆಯನ್ನೆಲ್ಲ ಅದರೊಳಗೆ ತುಂಬಿಸಿದ್ದಾರೆ. ಮನೆಗಳ ಗುರುತು ಕಪ್ಪು ಪುಸ್ತಕದಲ್ಲಿ, ಅಳತೆ ಆ್ಯಪಿನಲ್ಲಿ. ಕೀ ಒಂದು ಜೇಬಿನಲ್ಲಿದ್ದರೆ ವಿಳಾಸ ಇನ್ನೊಂದು ಜೇಬಿನಲ್ಲಿರಬೇಕು ಎಂಬುದು ಅವರ ಕಸುಬಿನ ನಿಯಮ. ದೊಡ್ಡ ಪಾಸ್‌ವರ್ಡನ್ನೂ ಹಾಗೇ ಮುರಿದು, ಮೊದಲರ್ಧ ನನಗೆ, ಉಳಿದರ್ಧ ನಿನಗೆ ಕೊಟ್ಟರು. ಫೋನಿನಲ್ಲಿ ಹೇಳಬಾರದು, ಕಾಗದದಲ್ಲಿ ಬರೆದು ಅಂಚೆಗೆ ಹಾಕಬೇಕು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದರು. ಅದಕ್ಕೇ ಈ ಪತ್ರ. ಇಲ್ಲದಿದ್ದರೆ ನಿನಗೆ ತೊಂದರೆ ಕೊಡುತ್ತಿರಲಿಲ್ಲ.

ನಿನ್ನ ಅರ್ಧ ಬರೆದು ಕಳಿಸು. ಬೇರೇನೂ ಬರೆಯಬೇಕೆಂದಿಲ್ಲ.

ಅಂಗಡಿಯಿಂದ,
ನಿನ್ನ ಅತ್ತಿಗೆ


ಮಾರ್ಚ್ 29

ಅತ್ತಿಗೆಗೆ,

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ನಾಲ್ಕು ಸಲ ಕೂತೆ. ನನ್ನ ಬರವಣಿಗೆ ನಿಮಗೆ ಗೊತ್ತಲ್ಲ, ಐದನೇ ತರಗತಿಯದು.

ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆಯೇ ಇದ್ದೇನೆ. ರೋಗಿಗಳ ಅಂಗಿಗಳನ್ನು ಯಂತ್ರಕ್ಕೆ ಹಾಕುವ ಮೊದಲು ಜೇಬು ನೋಡುವುದು ನನ್ನ ಪಾಲಿನ ಕೆಲಸ. ಚೀಟಿ, ಬಾಚಣಿಗೆ, ಒಂದು ಸಲ ಹಲ್ಲಿನ ಸೆಟ್ಟು ಸಿಕ್ಕಿತು. ಕೀ ಸಿಕ್ಕರೆ ಮಾತ್ರ ನಾನು ಮುಟ್ಟುವುದಿಲ್ಲ. ಇಸ್ತ್ರಿ ಮಾಡುವ ಅಕ್ಕನನ್ನು ಕರೆಯುತ್ತೇನೆ. "ಹಾವು ನೋಡಿದೋರ ಥರ ಆಡ್ತೀಯಲ್ಲೇ!" ಎಂದು ಬೈದು ತೆಗೆದುಕೊಂಡು ಹೋಗುತ್ತಾಳೆ.

ನನ್ನ ಕೋಣೆಗೆ ನಾನೀಗ ಬೀಗ ಹಾಕುವುದಿಲ್ಲ. ಮನೆಯೊಡತಿಗೆ ಗೊತ್ತಾಗಿ ಜಗಳ ಮಾಡಿದಳು. ಆದರೂ ಹಾಕುವುದಿಲ್ಲ. ಕೆಲಸ ಮುಗಿಸಿ ಬಂದು ಬಾಗಿಲ ಮುಂದೆ ನಿಂತಾಗ, ಖಾಲಿ ಕೋಣೆ ಎಂದು ಗೊತ್ತಿದ್ದರೂ ತಟ್ಟುತ್ತೇನೆ. ಸ್ವಲ್ಪ ಹೊತ್ತು ಕಾದು ಒಳಗೆ ಹೋಗುತ್ತೇನೆ. ಯಾಕೆ ಹೀಗೆ ಮಾಡುತ್ತೇನೋ ತಿಳಿಯದು.

ಅತ್ತಿಗೆ, ಒಂದು ಮಾತು ಕೇಳುತ್ತೇನೆ. ಹೊಸ ಖಾತೆಗೆ ಸಾಗಿಸುವಾಗ ಒಳಗೆ ಬರೆದದ್ದೆಲ್ಲ ಕಣ್ಣಿಗೆ ಕಾಣುತ್ತದೆಯೇ? ಅಥವಾ ಗಂಟು ಕಟ್ಟಿದ ಹಾಗೇ, ಬಿಚ್ಚದೆ ಹೋಗುತ್ತದೆಯೇ? ಅಳತೆಗಳು ಇಲ್ಲದೆಯೂ ಅಂಗಡಿ ನಡೆಯುತ್ತದೆ ಅಲ್ಲವೇ? ಹೊಸದಾಗಿ ಶುರು ಮಾಡಬಹುದಲ್ಲ.

ನನ್ನ ಅರ್ಧ ಒಂದು ಚೀಟಿಯಲ್ಲಿತ್ತು. ಹುಡುಕುತ್ತೇನೆ.

ತಪ್ಪಿದ್ದರೆ ಮನ್ನಿಸಿ,
ನಿಮ್ಮ ನಾದಿನಿ


ಏಪ್ರಿಲ್ 6

ನಾದಿನಿಗೆ,

ಹುಡುಕುತ್ತೇನೆ ಎಂದು ಬರೆದಿದ್ದೀಯ. ಚೀಟಿಯನ್ನು ಬಾಯಿಪಾಠವಾದ ಮೇಲೆ ಒಲೆಗೆ ಹಾಕು ಎಂದು ನಿಮ್ಮಣ್ಣ ನಮ್ಮಿಬ್ಬರಿಗೂ ಹೇಳಿದ್ದರು. ನೀನು ಹಾಕಿದ್ದನ್ನು ನಾನೇ ನೋಡಿದ್ದೇನೆ. ಸುಳ್ಳು ಹೇಳುವುದಾದರೂ ನೆನಪಿಟ್ಟುಕೊಂಡು ಹೇಳು.

ಅಂಗಡಿ ನಡೆಯುತ್ತದೆಯೇ ಎಂದು ಕೇಳಿದೆಯಲ್ಲ, ಹೇಗೆ ನಡೆಯುತ್ತಿದೆ ಎಂದು ಹೇಳುತ್ತೇನೆ. ಮೊನ್ನೆ ಒಬ್ಬ ಹೆಂಗಸು ಬಂದಿದ್ದಳು. ಅವಳ ತಾಯಿಗೆ ಮರೆವಿನ ಕಾಯಿಲೆ. ಪೆಟ್ಟಿಗೆಯ ಕೀಯನ್ನು ಎಲ್ಲೋ ಎಸೆದುಬಿಟ್ಟಿದೆ ಆ ಮುದುಕಿ. "ಬೀಗಣ್ಣನೇ ಮಾಡಿಕೊಟ್ಟಿದ್ದು. ಅಳತೆ ಇಟ್ಕೊಂಡಿರ್ತಾರೆ, ಒಂದು ನಿಮಿಷದ ಕೆಲಸ," ಎಂದಳು. ನಾನು ಕಪ್ಪು ಪುಸ್ತಕ ತೆಗೆದೆ. ಮನೆ ಸಿಕ್ಕಿತು, ಸಂಖ್ಯೆ ಸಿಕ್ಕಿತು, ಅಳತೆ ಇಲ್ಲ. ಕೊನೆಗೆ ಪೆಟ್ಟಿಗೆ ಒಡೆಸಿದಳಂತೆ. ಮುದುಕಿ ಆ ಪೆಟ್ಟಿಗೆ ತನ್ನದಲ್ಲ ಎಂದು ಎರಡು ದಿನದಿಂದ ಅಳುತ್ತಿದೆಯಂತೆ. ಇಂಥ ಮುನ್ನೂರು ಬೀಗ ಅದರೊಳಗಿವೆ. ನಾನು ಯಂತ್ರದಲ್ಲಿ ಕತ್ತರಿಸಬಲ್ಲೆ. ಅವರ ಹಾಗೆ ಬೀಗಕ್ಕೆ ಕಿವಿಯಿಟ್ಟು ಹಲ್ಲು ಎಣಿಸಲಾರೆ.

ಆ್ಯಪಿನವರ ಸಹಾಯದ ನಂಬರಿಗೂ ಫೋನ್ ಮಾಡಿದೆ. ಒಂದು ಹುಡುಗಿ ಮಾತಾಡಿದಳು.

"ಖಾತೆ ಯಾರ ಹೆಸರಲ್ಲಿದೆಯೋ ಅವರ ಹತ್ರಾನೇ ಪಾಸ್‌ವರ್ಡ್ ಕೇಳ್ಬೇಕು ಮೇಡಂ."

"ಅವರು ತೀರಿಕೊಂಡಿದ್ದಾರಮ್ಮ."

"ಓ, ಸಾರಿ ಮೇಡಂ. ಹಾಗಾದ್ರೆ ಅವರ ಒಪ್ಪಿಗೆ ಬೇಕಾಗುತ್ತೆ."

"ಎಲ್ಲಿಂದ ತರ್ಲಿ?"

ಆ ಹುಡುಗಿ ಪಕ್ಕದಲ್ಲಿ ಯಾರನ್ನೋ ಕೇಳಿದಳು. ಆಮೇಲೆ, "ಮನೇಲಿ ಇನ್ಯಾರಿಗಾದ್ರೂ ಗೊತ್ತಿರುತ್ತೆ, ವಿಚಾರಿಸಿ ಮೇಡಂ," ಎಂದಳು. ವಿಚಾರಿಸುತ್ತಲೇ ಇದ್ದೇನೆ.

ನಿಮ್ಮಣ್ಣನನ್ನು ಕೊನೆಯ ಸಲ ಕಳಿಸಿಕೊಟ್ಟ ದಿನ ಎಲ್ಲರ ಮುಂದೆ ನಾನು ನಿನಗೆ ಅಂದ ಮಾತು ನನಗೆ ನೆನಪಿದೆ. "ಒಂದು ಬಾಗಿಲು ಒಡೆಯೋಕೆ ಆಗ್ಲಿಲ್ವಾ ನಿನಗೆ? ಅದಕ್ಕೂ ಅಣ್ಣನೇ ಬರ್ಬೇಕಿತ್ತಾ?" ಅಂದೆ. ನೀನು ಕೀ ಕಳೆದುಕೊಂಡು ಕರೆದೆ, ಅವರು ಹೊರಟರು, ಸೇತುವೆಯ ಹತ್ತಿರ ಲಾರಿ. ಅದರ ನಡುವೆ ಬೇರೇನಾದರೂ ಹಾಕಿ ಹೇಳಲು ನನಗೆ ಬರಲಿಲ್ಲ. ಆ ಮಾತಿಗಾಗಿ ನನ್ನನ್ನು ಸತಾಯಿಸುತ್ತಿದ್ದೀಯ ಎಂದಾದರೆ ಹಾಗೆಂದೇ ಬರೆ. ಹುಡುಕುತ್ತೇನೆ ಎಂದು ಮಾತ್ರ ಬರೆಯಬೇಡ.

ಕಾಯುತ್ತಿರುವ
ಅತ್ತಿಗೆ


ಮೇ 2

ನಾದಿನಿಗೆ,

ನಿನ್ನ ಉತ್ತರವಿಲ್ಲ. ಇನ್ನು ಇಪ್ಪತ್ತೊಂಬತ್ತು ದಿನ.

ಒಂದು ಸಂಗತಿ ನಡೆಯಿತು. ಯಾರಿಗೂ ಹೇಳಿಲ್ಲ. ಏಪ್ರಿಲ್ 20ರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಪರದೆಯ ಮೇಲೆ ಒಂದು ಚೌಕ ಮೂಡಿತು. "ಬೇರೆ ಊರಿನಿಂದ ಒಳಗೆ ಬರಲು ಪ್ರಯತ್ನ ನಡೆದಿದೆ. ಇದು ನೀವೇನಾ, ಬೀಗಣ್ಣ?" ಎಂದು ಬರೆದಿತ್ತು. ಕೆಳಗೆ ಎರಡು ಗುಂಡಿ, ಹೌದು ಒಂದು, ಅಲ್ಲ ಒಂದು.

ಬುದ್ಧಿ ಇರುವವರು ತಕ್ಷಣ ಅಲ್ಲ ಎಂದು ಒತ್ತುತ್ತಾರೆ. ನನ್ನ ಕೈ ಹೋಗಲಿಲ್ಲ. ಅಲ್ಲ ಎಂದರೆ ಮತ್ತೆ ಬರಲಾರರು ಎನ್ನಿಸಿತು. ಹೌದು ಎನ್ನಲೂ ಧೈರ್ಯವಾಗಲಿಲ್ಲ. ನೋಡುತ್ತಾ ಕೂತೆ. ಮತ್ತೆ ಮೂಡಿತು. ಒಟ್ಟು ಐದು ಸಲ. ಹೊರಗೆ ಬಾಗಿಲು ತಟ್ಟಿದ ಹಾಗೆ, ಒಂದೊಂದು ಸಲಕ್ಕೂ ನಡುವೆ ಸ್ವಲ್ಪ ಬಿಡುವು. ಆಮೇಲೆ ನಿಂತುಹೋಯಿತು. "ಒಳಗೆ ಬನ್ನಿ" ಎಂದು ನಾನು ಬಾಯಿಬಿಟ್ಟು ಹೇಳಿದೆನಂತೆ. ಚಪ್ಪಲಿ ಅಂಗಡಿಯ ತಾತ ಕೇಳಿಸಿಕೊಂಡು, "ಕರೆದ್ಯಾಮ್ಮ?" ಎಂದು ಬಂದು ನಿಂತರು.

ಚೌಕದ ಕೆಳಗೆ ಬರೆದಿದ್ದ ಊರು ನಿನ್ನದೇ ಎಂದು ಮರುದಿನ ಬೆಳಿಗ್ಗೆ ನೋಡಿದೆ.

ಅರ್ಧವನ್ನು ನನಗೆ ಕೊಡದೆ, ನೀನೊಬ್ಬಳೇ ಒಳಗೆ ಹೋಗಿ ಏನು ಮಾಡಬೇಕೆಂದಿದ್ದೆ?

ಅತ್ತಿಗೆ


ಮೇ 11

ಅತ್ತಿಗೆಗೆ,

ಅದು ನಾನೇ. ನಿಮ್ಮನ್ನು ಅಷ್ಟು ಹೆದರಿಸಿದೆ ಎಂದು ನನಗೆ ಗೊತ್ತಾಗಲಿಲ್ಲ. ನಿಮ್ಮ ಅರ್ಧ ಏನಿರಬಹುದು ಎಂದು ಊಹಿಸಿ, ನನ್ನದನ್ನು ಸೇರಿಸಿ, ಇಸ್ತ್ರಿ ಅಕ್ಕನ ಫೋನಿನಲ್ಲಿ ಐದು ಸಲ ಹಾಕಿ ನೋಡಿದೆ. ಅಣ್ಣ ನಿಮಗೆ ಏನು ಕೊಟ್ಟಿರಬಹುದು ಎಂದು ಯೋಚಿಸುತ್ತಾ ಹೋದರೆ, ನಿಮ್ಮ ಬಗ್ಗೆ ನನಗೆ ಎಷ್ಟು ಕಡಿಮೆ ಗೊತ್ತು ಎಂದು ತಿಳಿಯಿತು. ಒಂದೂ ಸರಿಹೋಗಲಿಲ್ಲ.

ಒಳಗೆ ಹೋಗಿ ನನ್ನ ಕೋಣೆಯ ಬಗ್ಗೆ ಅಣ್ಣ ಬರೆದದ್ದನ್ನು ಅಳಿಸಬೇಕೆಂದಿದ್ದೆ. ಕೆಲಸಕ್ಕೆ ಹೊರಡುವ ಮೊದಲು ಅವನು ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದ. ಏನು ಬರೆದಿದ್ದಾನೋ ನನಗೆ ಗೊತ್ತಿಲ್ಲ. ಅದನ್ನು ನೀವು ಓದುತ್ತೀರಿ ಎಂಬ ಭಯ. ನೀವು ಓದುವ ಮೊದಲು ನಾನೇ ಹೇಳಿಬಿಡುತ್ತೇನೆ.

ಆವತ್ತು ನನ್ನ ಕೀ ಕಳೆದಿರಲಿಲ್ಲ.

ಅದಕ್ಕೂ ಮೊದಲು ಮೂರು ಸಲ ಕರೆದಿದ್ದೆ. ಆ ಮೂರು ಸಲವೂ ಕಳೆದಿರಲಿಲ್ಲ. ರಜೆಯ ದಿನ ಕೋಣೆಯಲ್ಲಿ ಒಬ್ಬಳೇ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಸುಮ್ಮನೆ ಬಾ ಎಂದು ಅಣ್ಣನನ್ನು ಕರೆಯುವ ಹಾಗಿರಲಿಲ್ಲ. ಯಾಕೆಂದು ಬರೆಯುವುದಿಲ್ಲ. ಬಾಗಿಲಿಗೆ ಬೀಗ ಹಾಕಿ, ಕೀಯನ್ನು ಚಪ್ಪಲಿಯ ಅಟ್ಟೆಯ ಕೆಳಗೆ ಸೇರಿಸಿಟ್ಟು, ಮೆಟ್ಟಿಲ ಮೇಲೆ ಕೂತು ಫೋನ್ ಮಾಡುತ್ತಿದ್ದೆ. ಅವನು ಬಂದು ಮಂಡಿಯೂರಿ ಎರಡು ನಿಮಿಷದಲ್ಲಿ ಬೀಗ ತೆಗೆಯುತ್ತಿದ್ದ. ಆಮೇಲೆ ಸಂಜೆಯವರೆಗೂ ಕೂತು ಚಿಕ್ಕಂದಿನ ಮಾತಾಡುತ್ತಿದ್ದೆವು. ಅಷ್ಟೇ.

ಆವತ್ತು ಕೀ ಮುಷ್ಟಿಯಲ್ಲೇ ಇತ್ತು. "ಅಣ್ಣಾ, ಮತ್ತೆ ಕಳ್ಕೊಂಡೆ," ಅಂದೆ. "ತಲೆ ಕಳ್ಕೊಂಡಿಲ್ವಲ್ಲ ಗುಬ್ಬಿ, ಸದ್ಯ! ಮೆಟ್ಟಿಲ ಮೇಲೆ ಕೂತಿರು, ಬಂದೆ," ಅಂದ. ನಾಲ್ಕು ಗಂಟೆಯವರೆಗೂ ಕೂತಿದ್ದೆ. ಯಾವ ಗಾಡಿಯ ಸದ್ದಾದರೂ ಏಳುತ್ತಿದ್ದೆ. ನೀವು ಫೋನ್ ಮಾಡಿ ಹೇಳಿದಾಗಲೂ ಕೀ ನನ್ನ ಮುಷ್ಟಿಯಲ್ಲಿತ್ತು. ಅದೇ ಕೀಯಿಂದ ಬಾಗಿಲು ತೆಗೆದು, ಒಳಗೆ ಹೋಗಿ, ಬಟ್ಟೆ ಬದಲಿಸಿ ನಿಮ್ಮಲ್ಲಿಗೆ ಬಂದೆ. ಬಾಗಿಲು ಒಡೆಯಲು ಆಗಲಿಲ್ಲವೇ ಎಂದು ನೀವು ಕೇಳಿದಾಗ ನಾನು ಏನು ಹೇಳಲಿ, ಅತ್ತಿಗೆ?

ಈಗಲೂ ಬೀಗವಿಲ್ಲದ ಬಾಗಿಲನ್ನು ತಟ್ಟಿ ನಿಂತಾಗ, ನನ್ನ ಬೆನ್ನ ಹಿಂದೆ ಯಾರೋ "ಸ್ವಲ್ಪ ಸರಿ, ನೋಡ್ತೀನಿ" ಎನ್ನುತ್ತಾರೆ ಎನ್ನಿಸುತ್ತದೆ. ನಾನು ಸರಿಯುತ್ತೇನೆ. ನಿಜವಾಗಿ ಸರಿದು ಜಾಗ ಬಿಡುತ್ತೇನೆ. ಮನೆಯೊಡತಿ ನೋಡಿ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾಳೆ.

ನನ್ನ ಅರ್ಧವನ್ನು ಈ ಪತ್ರದ ಜೊತೆ ಇಡುತ್ತಿಲ್ಲ. ಹಾಗೆ ಇಡಬಾರದು ಎಂದು ಅಣ್ಣ ಹೇಳುತ್ತಿದ್ದ. ನಾಳೆ ಬೇರೆ ಲಕೋಟೆಯಲ್ಲಿ ಒಂದು ಚೀಟಿ ಬರುತ್ತದೆ. ಅದರಲ್ಲಿ ಇರುವಷ್ಟೇ.

ಇನ್ನು ಮುಂದೆ ನೀವು ನನಗೆ ಬರೆಯದಿದ್ದರೂ ಸರಿ.

ಗುಬ್ಬಿ


ಮೇ 24

ಗುಬ್ಬಿ,

ಎರಡೂ ಲಕೋಟೆ ಬಂದವು. ಪತ್ರ ಓದಿದ ಮೇಲೆ ಎರಡು ದಿನ ಅಂಗಡಿ ತೆರೆಯಲಿಲ್ಲ. ನಿನ್ನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಬಂದಿತ್ತು ಎಂಬುದು ಮಾತ್ರ ನಿನಗೆ ಗೊತ್ತಿರಲಿ.

ಮೂರನೆಯ ದಿನ ಕುರ್ಚಿಯಲ್ಲಿ ಕೂತು ನನ್ನ ಅರ್ಧ ಒತ್ತಿದೆ, ನಿನ್ನ ಅರ್ಧ ಒತ್ತಿದೆ. ತೆರೆದುಕೊಂಡಿತು. ನನ್ನ ಹೆಸರಿನಲ್ಲಿ ಹೊಸ ಖಾತೆ ಮಾಡಿದೆ. ಹಳೆಯದನ್ನೆಲ್ಲ ಅದಕ್ಕೆ ಸಾಗಿಸು ಎಂದು ಒತ್ತಿದೆ. ಒಂದು ಗೆರೆ ಎಡದಿಂದ ಬಲಕ್ಕೆ ತುಂಬುತ್ತಾ ಹೋಯಿತು. ಮುನ್ನೂರ ಹನ್ನೆರಡು. ಹದಿನಾಲ್ಕು ವರ್ಷ ದುಡಿದ ಮನುಷ್ಯ, ಗುಬ್ಬಿ. ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಆಚೆಯಿಂದ ಈಚೆಗೆ ಬಂದುಬಿಟ್ಟರು.

ನೀನು ಕೇಳಿದ್ದೆಯಲ್ಲ, ಗಂಟು ಬಿಚ್ಚದೆ ಹೋಗುತ್ತದೆಯೇ ಎಂದು. ಹಾಗೇ ಹೋಗುತ್ತದೆ. ಪಾಸ್‌ವರ್ಡ್ ಹಾಕುವ ಜಾಗದಲ್ಲಿ ಅವರು ಹಲ್ಲಿನ ಅಳತೆ ಬರೆಯುತ್ತಿದ್ದರು, ಅದರ ಮೇಲೆಲ್ಲ ಬರೀ ಚುಕ್ಕೆ. ಕಣ್ಣಿನ ಗುರುತು ಒತ್ತಿದರೆ ಮಾತ್ರ ಕಾಣುತ್ತದೆ. ನಾನು ಒತ್ತದೆ ಇರಬೇಕೆಂದೇ ಇದ್ದೆ. ಆದರೆ ಸಾಗಿಸಿ ಮುಗಿದ ಕೂಡಲೇ ಆ್ಯಪ್ ಕೆಂಪಕ್ಷರದಲ್ಲಿ ಬೈಯಿತು: "ಒಂದೇ ಪಾಸ್‌ವರ್ಡನ್ನು ನಾಲ್ಕು ಕಡೆ ಬಳಸಿದ್ದೀರಿ. ಇದು ಅಪಾಯ. ಬದಲಾಯಿಸಿ."

ಮುನ್ನೂರು ಬೀಗದಲ್ಲಿ ಎರಡಕ್ಕೆ ಒಂದೇ ಅಳತೆ ಬರುವುದಿಲ್ಲ. ನಾಲ್ಕಕ್ಕೆ ಹೇಗೆ ಬಂತು ಎಂದು ನೋಡಿದೆ. ನಾಲ್ಕಕ್ಕೂ ಹೆಸರು "ತಂಗಿಯ ಕೋಣೆ", ತಾರೀಕು ಬೇರೆ ಬೇರೆ. ನಾಲ್ಕನೆಯದು ಆವತ್ತಿನದು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಣ್ಣು ಒತ್ತಿದೆ.

"ಕೀ ಕಳೆದಿಲ್ಲ. ಹೋಗಿ ಬರೋಣ."

ನಾಲ್ಕರಲ್ಲೂ ಅದೇ. ಆ ಜಾಗ ಖಾಲಿ ಬಿಟ್ಟರೆ ಆ್ಯಪ್ ಉಳಿಸಿಕೊಳ್ಳುವುದಿಲ್ಲ. ಅಳತೆ ಹಾಕಲು ಅಲ್ಲಿ ಕೆಲಸವೇ ಇರಲಿಲ್ಲವಲ್ಲ, ಇದನ್ನು ಹಾಕಿದ್ದಾರೆ. ನಿಮ್ಮಣ್ಣನಿಗೆ ಮೊದಲ ದಿನದಿಂದ ಗೊತ್ತಿತ್ತು, ಗುಬ್ಬಿ. ಆವತ್ತು ಹತ್ಯಾರದ ಚೀಲವನ್ನೂ ತೆಗೆದುಕೊಂಡು ಹೋಗಿರಲಿಲ್ಲ. ಬೀಗ ತೆಗೆಯಲು ಹೊರಟವರು ಚೀಲ ಹೇಗೆ ಮರೆತರು ಎಂದು ಅಂಗಡಿ ತೆರೆದ ದಿನದಿಂದ ನಾನು ಆ ಮೊಳೆಯನ್ನು ನೋಡುತ್ತಲೇ ಇದ್ದೆ. ಮರೆತಿರಲಿಲ್ಲ.

ಇಷ್ಟೇ ಆಗಿದ್ದರೆ ನಿನಗೆ ಸಮಾಧಾನ ಹೇಳಿ ಮುಗಿಸಬಹುದಿತ್ತು. ಅದರ ಮೇಲೆ ಬಳಕೆದಾರರ ಹೆಸರು ಬರೆಯುವ ಇನ್ನೊಂದು ಜಾಗವಿದೆ. ಅದರಲ್ಲಿ ಬರೆದಿದ್ದಾರೆ: "ಮನೆಯಲ್ಲಿ ಹೇಳಿದ್ದು: ತುರ್ತು ಕೆಲಸ." ನನಗೆ ಹೇಳಿದ ಸುಳ್ಳನ್ನು ಮರೆಯದ ಹಾಗೆ ಬರೆದಿಟ್ಟುಕೊಂಡಿದ್ದಾರೆ.

ಯಾಕೆಂದು ಬರೆಯುವುದಿಲ್ಲ ಎಂದೆಯಲ್ಲ, ನಾನೇ ಬರೆಯುತ್ತೇನೆ. ಮದುವೆಯಾದ ವರ್ಷ ಒಂದು ಭಾನುವಾರ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ನಾನು ಅಂದಿದ್ದೆ, "ವಾರ ವಾರ ತಂಗಿ ಹತ್ರ ಓಡೋದಾದ್ರೆ ನನ್ನನ್ನ ಯಾಕೆ ಕಟ್ಕೊಂಡ್ರಿ?" ಅವರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಜಗಳವಾಡಲಿಲ್ಲ. ಆಮೇಲೆ ಸುಮ್ಮಸುಮ್ಮನೆ ನಿನ್ನಲ್ಲಿಗೆ ಹೋಗಲೇ ಇಲ್ಲ. ನನಗೆ ಗೆದ್ದೆನೆಂದು ಖುಷಿಯಾಗಿತ್ತು.

ನೀನು ಅವರಿಗೆ ಸುಳ್ಳು ಹೇಳಿದೆ. ಅವರು ನನಗೆ ಸುಳ್ಳು ಹೇಳಿದರು. ಅಣ್ಣತಂಗಿ ಒಂದು ಮಧ್ಯಾಹ್ನ ಕೂತು ಮಾತಾಡಲು ಇಷ್ಟೆಲ್ಲ ಬೇಕಾಯಿತು. ಬಾಗಿಲಿಗೆ ಬೀಗ ಹಾಕಿದ್ದು ನೀನಲ್ಲ, ನಾನು. ಅದನ್ನು ನೀನು ಒಂದು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದೆ. ಎಲ್ಲರ ಮುಂದೆ ನಾನು ಬೈದಾಗಲೂ ತಿರುಗಿ ಅನ್ನಲಿಲ್ಲ.

ಆ ನಾಲ್ಕನ್ನು ಬದಲಾಯಿಸಿ ಎಂದು ಆ್ಯಪ್ ದಿನಾ ಬೈಯುತ್ತಿದೆ. ಹಾಗೇ ಬಿಟ್ಟಿದ್ದೇನೆ. ಬೈಯಲಿ.

ಭಾನುವಾರ ಅಂಗಡಿಗೆ ಬಾ. ಯಾವ ನೆಪವೂ ಬೇಡ. ಬಂದರೆ ಏನು ಮಾತಾಡುತ್ತೇವೋ ನನಗೂ ಗೊತ್ತಿಲ್ಲ.

ಅತ್ತಿಗೆ


ಜೂನ್ 10

ಗುಬ್ಬಿ,

31ರಂದು ಹಳೆಯ ಖಾತೆ ತಾನಾಗಿ ಮುಚ್ಚಿಕೊಂಡಿತು. "ನೀವೇ ಈಗ ಅಳಿಸಬಹುದು" ಎಂದು ಮೂರು ಸಲ ಕೇಳಿತ್ತು. ನಾನು ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಹೆಸರು ಬರೆದು ಸ್ವಾಗತ ಹೇಳಿತು. ಯಾರನ್ನು ಕರೆಯುತ್ತಿದೆ ಎಂದು ಹಿಂತಿರುಗಿ ನೋಡಿದೆ.

ಆ ಭಾನುವಾರ ನೀನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಮೊನ್ನೆ ನೀನು ಬಂದೆ. ಬ್ರೆಡ್ ಅಂಗಡಿಯ ತಿರುವಿನಲ್ಲಿ ನಿಂತು, ಎದೆಗೆ ಚೀಲ ಒತ್ತಿಕೊಂಡು, ಗೋಡೆಯ ಮೇಲಿನ ಬೋರ್ಡನ್ನು ಇಪ್ಪತ್ತು ನಿಮಿಷ ಓದಿದೆ. ಅದರ ಮೇಲೆ ಬರೆದಿರುವುದು ಎರಡೇ ಪದ.

ತಾತ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದರು.

"ಆ ಹುಡುಗಿ ಯಾರಿಗೋ ಕಾಯ್ತಿದ್ದಾಳೆ ಅನ್ಸುತ್ತೆ ಕಣಮ್ಮ."

"ಇಲ್ಲ ತಾತ. ನಮ್ಮಂಗಡಿಗೆ ಬರ್ತಿದ್ದಾಳೆ."

"ನಿಂತಿದ್ದಾಳಲ್ಲ?"

"ನಿಂತ್ಕೊಂಡೇ ಬರ್ತಿದ್ದಾಳೆ."

ನಾನು ಕರೆಯಲಿಲ್ಲ. ಕರೆದರೆ ಓಡಿಹೋಗುತ್ತೀಯ ಎನ್ನಿಸಿತು. ಒಂದೂವರೆ ಗಂಟೆಯ ಬಸ್ಸಿಗೆ ನೀನು ಹತ್ತುವವರೆಗೂ ಬಾಗಿಲಲ್ಲಿ ನಿಂತಿದ್ದೆ. ನೀನು ಒಂದು ಸಲ ಈ ಕಡೆ ನೋಡಿದೆ. ನೋಡಲಿಲ್ಲ ಎನ್ನಬೇಡ.

ಬ್ರೆಡ್ ಅಂಗಡಿಯಿಂದ ನಮ್ಮ ಅಂಗಡಿಗೆ ಐದು ಬಾಗಿಲು. ಈ ಭಾನುವಾರ ಎರಡು ಬಾಗಿಲು ದಾಟಿ ನಿಲ್ಲು, ಸಾಕು. ಉಳಿದದ್ದನ್ನು ಅದರ ಮುಂದಿನ ವಾರ ನೋಡೋಣ.

ಬಾಗಿಲಲ್ಲೇ ಇರುತ್ತೇನೆ,
ಅತ್ತಿಗೆ